ಅಜ್ಜಿ ಕಣ್ಣಿಗೆ ಬಿದ್ದ ಮೀನಿನ ಕಲ್ಲು

ಲೇ ಶಿವು,

ಹನೂರಿಗೆ ಡ್ಯೂಟಿಗೆ ಒರಟೆ. ಉಪ್ಪುನೀರಿನ ಮೀನಿನ ತೊಟ್ಟಿ ತಳಕ್ಕೆ ಅಂತ ತರಿಸಿದ ತೂತುಗಲ್ಲು ಹಿತ್ಲಲ್ಲವೆ. ನೀರು ಶುದ್ಧ ಮಾಡೋ ಜೀವಾಣು ಹಿಡಿದಿರೋ ಕಲ್ಲು ದುಬಾರಿ ಅಂತ ಒಂದೇ ತುಂಡು ತಕಂಡೆ, ಅದು ಬಕೆಟ್ಟಿನ ಉಪ್ಪುನೀರಲ್ಲದೆ. ಮಿಕ್ಕಿದ್ದೆಲ್ಲ ಅಗ್ಗದ ಒಣಕಲ್ಲು. ಅವನ್ನ ಬ್ರಶ್ಶಲ್ಲಿ ಉಜ್ಜಿ ನೀಲಿ ಡ್ರಮ್ಮಲ್ಲಿ ನೆನೆಹಾಕು. ಹೋದ್ಸಲದಂಗೆ ಅಡುಗೆ ಉಪ್ಪು ಸುರಿದೀಯ, ಉಷಾರು! ಮೀನಿಗೆ ಅಂತ್ಲೇ ತಂದಿರೋ ಉಪ್ಪಿನ ಪಾಕೆಟ್ಟು ಕಿಟಕಿ ಮೇಲದೆ.

ಒಣಕಲ್ಲಲ್ಲಿ ದೊಡ್ಡದೊಂದದೆ, ಅದನ್ನ ಮಾತ್ರ ಮುಟ್ಬೇಡ. ತೊಳೆದು ತೆಂಗಿನ ಮರದ ಬುಡದಲ್ಲಿ ಒಣಗಕ್ಕೆ ಇಟ್ಟಿದ್ದೆ. ಅಜ್ಜಿ ಅದಕ್ಕೆ ವಿಭೂತಿ ಬಳಿದು ಹೂ ಮುಡಿಸವ್ರೆ. ಪಕ್ಕದ್ಮನೆ ರಾಮಮ್ಮನೂ ಆಗ್ಲೇ ಊದುಬತ್ತಿ ಹಚ್ಚವ್ರೆ. ‘ಅದು ಮೀನಿನ ಕಲ್ಲು’ ಅಂತ ಬಾಯ್ಬಿಟ್ಟೀಯ, ಜೋಕೆ.

ತೊಟ್ಟಿಗೆ ಬೇರೆ ಕಲ್ಲು ನೋಡ್ತೀನಿ. ಒರಡುವಾಗ ನಾನೂ ಅದಕ್ಕೆ ಕೈ ಮುಗಿದೆ ಕಣ್ಲಾ, ಈ ಸಲನಾದ್ರೂ ಮೀನು ಬದುಕ್ಲಿ ಅಂತ.

ಅಕ್ಕ