ಚಮಚಗಳ ಹೊದಿಕೆ

ಫೆಬ್ರವರಿ 9, ಬೆಳಗ್ಗೆ

ನಲವತ್ತು ತೂತು ಆಯಿತು. ಡ್ರಿಲ್ ಬಿಟ್ ಎರಡು ಮುರಿದವು. ಸ್ಟೀಲ್ ಚಮಚದ ಕುತ್ತಿಗೆ ಗಟ್ಟಿ — ಅಕ್ಕನದರ ಹಾಗೆ, ಬಾಗುವುದಿಲ್ಲ. ತೂತಿಗೆ ತಾಮ್ರದ ತಂತಿ ಪೋಣಿಸಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೆಣೆಯುವುದು. ಇಡೀ ಹೊದಿಕೆ ಆಗಬೇಕು. ಅದನ್ನು ಅಕ್ಕನ ಖಾಲಿ ಮಂಚದ ಮೇಲೆ ಹೊದೆಸುವುದು. ಒಳಗೆ ಯಾರೂ ಇಲ್ಲ, ಆದರೂ ಯಾರೋ ಮಲಗಿದ್ದಾರೆ ಅನ್ನಿಸಬೇಕು.

ನನ್ನ ಕಲಾಕೃತಿ ಇಡುವ ಗ್ಯಾಲರಿಯವಳಿಗೆ ಫೋನಿನಲ್ಲಿ ಹೇಳಿದೆ. "ಅಯ್ಯೋ, ಚೆನ್ನಾಗಿದೆ ಮೇಡಂ" ಅಂದಳು. ಅಯ್ಯೋ ಯಾಕೋ.

ಫೆಬ್ರವರಿ 10

ಚಮಚ ಮುಗಿದವು. ಸೌಟು, ಜಾಲರಿ, ಮುಚ್ಚಳಗಳಿಗೆ ಕೈ ಹಾಕಿದ್ದೇನೆ. ಅಂಗಡಿಯ ಹೊಸದು ಬೇಡ. ಮೂವತ್ತೊಂದು ವರ್ಷ ಅಕ್ಕ ತಿಕ್ಕಿದ್ದೇ ಬೇಕು. ಈ ಮನೆಯಲ್ಲಿ ಅಡುಗೆ ಅವಳದು, ಗುಜರಿ ನನ್ನದು. ಬಂದವರಿಗೆಲ್ಲ ಹೇಳುತ್ತಿದ್ದಳು — "ನೋಡ್ಕೊಂಡು ಕಾಲಿಡಿ. ಎಡವಿ ಬಿದ್ರೆ ನಿಮ್ಮನ್ನೂ ಸೇರಿಸಿ ವೆಲ್ಡಿಂಗ್ ಮಾಡ್ಬಿಡ್ತಾಳೆ."

ಈಗ ಯಾರೂ ಬರುವುದಿಲ್ಲ.

ಫೆಬ್ರವರಿ 13, ಮಧ್ಯಾಹ್ನ

ಟೀಗೆ ಸಕ್ಕರೆ ಕಲಕಲು ಏನೂ ಉಳಿದಿಲ್ಲ. ಸ್ಕ್ರೂಡ್ರೈವರ್‌ನಲ್ಲಿ ಕಲಕಿದೆ. ತೊಳೆದಿದ್ದೆ.

ಬರೆದೇಬಿಡುತ್ತೇನೆ. ಏಳು ತಿಂಗಳಾಯಿತು. ಐವತ್ತಮೂರನೇ ವಯಸ್ಸಿನಲ್ಲಿ ಅಕ್ಕ ಮದುವೆಯಾದಳು. ರಿಟೈರ್ ಆದ ಬಸ್ ಡ್ರೈವರ್, ಮೊದಲ ಹೆಂಡತಿ ತೀರಿಕೊಂಡವರು. ಹದಿನೆಂಟು ವರ್ಷ ಅವರ ಬಸ್ಸಿನಲ್ಲೇ ಆಫೀಸಿಗೆ ಹೋಗಿ ಬಂದವಳು. ಒಂದು ದಿನವೂ ನನ್ನೆದುರು ಬಾಯಿ ಬಿಟ್ಟಿರಲಿಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲಿ, ಅವರು ಪಕ್ಕದಲ್ಲೇ ನಿಂತಿದ್ದಾಗ, ನಾನು ಅಂದೆ: "ಈ ವಯಸ್ಸಲ್ಲಿ ಗಂಡ ಬೇಕಿತ್ತಾ ನಿನಗೆ? ಅವರ ಮಾತ್ರೆ ಡಬ್ಬಿ ಹೊತ್ಕೊಂಡು ತಿರುಗೋಕಾ?"

ಎಲುಬಿಲ್ಲದ ನಾಲಿಗೆ. ಅಕ್ಕ ತಲೆ ಎತ್ತಲಿಲ್ಲ. ಸಹಿ ಹಾಕಿದಳು. ಆಮೇಲೆ, "ನೀನು ಮನೆಗೆ ಹೋಗು."

ಬಂದೆ. ಅವಳು ಬರಲಿಲ್ಲ.

ಫೆಬ್ರವರಿ 26

ಮಂಚದ ಮೇಲೆ ತಂತಿಬಲೆ ಬಗ್ಗಿಸಿ ಮೈಯ ಆಕಾರ ಮಾಡಲು ಕುಳಿತೆ. ಕೈ ನಿಂತಿತು. ಅಕ್ಕ ಯಾವ ಮಗ್ಗುಲಿಗೆ ಮಲಗುತ್ತಿದ್ದಳು?

ಗೊತ್ತಿಲ್ಲ. ಅಷ್ಟು ವರ್ಷ ಒಂದೇ ಕೋಣೆ, ಎರಡು ಮಂಚ. ನಾನು ಮಲಗುವಾಗ ಅವಳಿನ್ನೂ ಅಡುಗೆಮನೆಯಲ್ಲಿ. ನಾನು ಏಳುವ ಹೊತ್ತಿಗೆ ಹಾಸಿಗೆ ಮಡಿಚಿ ಆಗಿರುತ್ತಿತ್ತು.

ಮೂರು ಸಲ ಬಗ್ಗಿಸಿದೆ, ಮೂರು ಸಲ ಬಿಚ್ಚಿದೆ.

ಫೆಬ್ರವರಿ 28, 11 ಗಂಟೆ

ಫೋನ್ ಮಾಡಿದೆ. ಭಾವ ಎತ್ತಿದರು. ಅಕ್ಕ ಸ್ನಾನಕ್ಕೆ ಹೋಗಿದ್ದಾಳಂತೆ. ಇಟ್ಟುಬಿಡಬಹುದಿತ್ತು. ಕೇಳಿಬಿಟ್ಟೆ. ಅವರು ನಗಲಿಲ್ಲ, ಯಾಕೆಂದೂ ಕೇಳಲಿಲ್ಲ.

"ಬಲ ಮಗ್ಗುಲು. ಕೈ ಕೆನ್ನೆ ಕೆಳಗೆ. ಮಂಡಿ ಸ್ವಲ್ಪ ಮಡಿಚ್ಕೊಂಡಿರ್ತಾಳೆ. ಬೇರೆ ಏನಾದ್ರೂ ಬೇಕಿತ್ತಾ, ನಿಮಗೆ?"

"ಬೇಡ ಭಾವ."

ಮೊದಲ ಸಲ ಭಾವ ಅಂದದ್ದು. ಏಳು ತಿಂಗಳಲ್ಲಿ ಅವರಿಗೆ ತಿಳಿದದ್ದು ನನಗೆ... ಬಲ ಮಗ್ಗುಲಿಗೇ ಬಗ್ಗಿಸಿದೆ.

ಮಾರ್ಚ್ 6, ಮಧ್ಯಾಹ್ನ 3.30

ಅಕ್ಕ ಬಂದಿದ್ದಾಳೆ. ಹೇಳದೆ ಕೇಳದೆ, ಹನ್ನೆರಡಕ್ಕೆ. ಭಾವ ಫೋನಿನ ವಿಷಯ ಹೇಳಿರಬೇಕು. ಬಂದವಳೇ ನೇರ ಅಡುಗೆಮನೆಗೆ. ಒಂದೊಂದೇ ಡ್ರಾಯರ್ ಎಳೆದು ನೋಡಿದಳು. ಬೋಳು.

"ಊಟ ಯಾವುದರಲ್ಲಿ ಮಾಡ್ತೀಯೇ?"

"ಬಾಣಲೆ ಇದೆ."

"ಬಾಣಲೆ ಇದೆಯಂತೆ!" ಬೆನ್ನು ತಿರುಗಿಸಿ ನಲ್ಲಿ ಬಿಟ್ಟು ನಿಂತಳು. ತೊಳೆಯಲು ಏನೂ ಇರಲಿಲ್ಲ. ನೀರು ಸುಮ್ಮನೆ ಹರಿಯಿತು.

ಆಮೇಲೆ ಕೋಣೆಗೆ ಬಂದು ಮಂಚ ನೋಡಿದಳು. ತುಂಬ ಹೊತ್ತು. ಹಿಡಿ ಸುಟ್ಟಿದ್ದ ಸೌಟನ್ನು ಬೆರಳಿನಲ್ಲಿ ಮುಟ್ಟಿದಳು.

"ಇದು ನಾನಾ?"

"ಹೂಂ."

"ಸತ್ತವಳ ಹಾಗೆ ಹೊದೆಸಿಟ್ಟಿದೀಯಲ್ಲೇ. ನಾನು ಸತ್ತಿಲ್ಲ ಕಣೇ. ಎರಡು ಬಸ್ ಹತ್ತಿದ್ರೆ ಸಿಗ್ತೀನಿ."

ಕಟರ್ ತಗೊಂಡೆ. ತಲೆಯ ಕಡೆಯ ತಂತಿ ಕತ್ತರಿಸಿ, ಒಳಗಿನ ಬಲೆ ಎಳೆದು ತೆಗೆದೆ. ಒಂದು ವಾರದ ಕೆಲಸ. ಹೊದಿಕೆಯ ಒಂದು ಅಂಚನ್ನು ಹಿಂದಕ್ಕೆ ಸರಿಸಿದೆ — ಮಲಗಿದ್ದವಳು ಎದ್ದು ಹೋದ ಹಾಗೆ. ಚಮಚಗಳು ಝಣಝಣ ಅಂದವು.

"ಅವತ್ತು ಹಾಗನ್ನಬಾರದಿತ್ತು ನಾನು" ಅಂದೆ, ತಂತಿ ನೋಡುತ್ತಲೇ.

"ಅನ್ನಬಾರದಿತ್ತು." ಅಷ್ಟೇ ಅಂದಳು. ಪರವಾಗಿಲ್ಲ ಅನ್ನಲಿಲ್ಲ. ಸರಿಸಿದ ಅಂಚು ತೋರಿಸಿ, "ನಾನು ಹೊದಿಕೆ ಮಡಿಚಿಡದೆ ಎದ್ದಿದ್ದೇ ಇಲ್ಲ. ಜನ ನಂಬಲ್ಲ, ನೋಡು."

ನಕ್ಕೆವು. ಪೂರ್ತಿ ಅಲ್ಲ.

ಬ್ರೆಡ್ಡನ್ನು ಪೇಪರಿನ ಮೇಲಿಟ್ಟು ತಿಂದೆವು. ನನ್ನ ಮಂಚದ ಮೇಲೆ ಅಡ್ಡಾದಳು. "ನಾಲ್ಕರ ಬಸ್ಸಿಗೆ ಎಬ್ಬಿಸು. ಅವರು ಸ್ಟಾಪಲ್ಲಿ ಕಾಯ್ತಿರ್ತಾರೆ."

3.50

ನಿದ್ದೆ ಹತ್ತಿದೆ. ಬಾಯಿ ಸ್ವಲ್ಪ ತೆರೆದಿದೆ. ಕಿವಿಯ ಹಿಂದೆ ಕೂದಲು ಪೂರ್ತಿ ಬೆಳ್ಳಗೆ. ಯಾವಾಗ ಆಯಿತೋ.

ಐದಕ್ಕೂ ಒಂದು ಬಸ್ ಇದೆ. ಎಬ್ಬಿಸದಿದ್ದರೆ ಇನ್ನೊಂದು ಗಂಟೆ ನನಗೆ. ಮರೆತೆ ಅನ್ನಬಹುದು. ನಂಬುತ್ತಾಳೆ.

ಅಲ್ಲಿ ಅವರು ಬಂದು ನಿಂತಿರುತ್ತಾರೆ. ಪ್ರತಿ ಬಸ್ಸಿನ ಬಾಗಿಲು ನೋಡುತ್ತಾ.

3.53. ಅಕ್ಕಾ ಅಂದೆ. ಕೇಳಿಸಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕರೆದೆ. ಕಣ್ಣು ಬಿಟ್ಟಳು.