ಮಾವನವರು ಆರಿಸಿ ಕೊಟ್ಟ ಮಣ್ಣು

ದೇವರ ಹಿಪ್ಪರಗಿ,
೨೦ ಮೇ ೧೯೭೬

ಮಣ್ಣು ಪರೀಕ್ಷೆ ಮಾಡೋ ಸಾಹೇಬರಿಗೆ ಕಸ್ತೂರೆವ್ವ ಮಾಡುವ ನಮಸ್ಕಾರ.

ನಮ್ಮ ಹೊಲದ ಮಣ್ಣ ಚೊಲೋ ಐತಿ, ಬಿತ್ತಬಹುದು ಅಂತ ನಿಮ್ಮ ಕಾಗದ ಬಂತು. ಓದಿ ಮೈ ಉರೀತು.

ಬದುವಿನ ಆಚೆ ಗೋದಾಮಿನಾಗಿದ್ದ ಹುಳಾ ಕೊಲ್ಲೋ ಪುಡಿ ಮಳಿನೀರಾಗ ಹರಿದು ಬಂದಿದ್ದು ತೆಗ್ಗಿನ ಮೂಲಿಗೆ. ಜೋಳ ಸುಟ್ಟಿದ್ದು ಅಲ್ಲಿ, ಮೇದ ಕುರಿ ಸತ್ತಿದ್ದೂ ಅಲ್ಲೇ. ನೀವು ಬಂದ ದಿನ ಅಲ್ಲಿತನಕ ಹೋದ್ರೇನು? ಬೇವಿನ ಗಿಡದ ನೆರಳಿಗೆ ಕುಂತು ಚಾ ಕುಡಕೋಂತ, "ಯಜಮಾನ್ರೇ, ಒಂದಿಷ್ಟು ಮಣ್ಣು ತಗೊಂಡು ಬನ್ನಿ" ಅಂದ್ರಿ. ನಮ್ಮ ಮಾವ ಗುರಲಿಂಗಪ್ಪನವರು ಮಂದಿಗೆ ಕೊಡೂವಾಗ ಎಂದೂ ಹುಳುಕು ಕಾಳು ಕೊಟ್ಟವರಲ್ಲ. ಮ್ಯಾಲಿನ ಪಟ್ಟಿಯ ಎರಿಮಣ್ಣ ತಂದು, ಕಸಾ ಆರಿಸಿ, ಜರಡಿ ಹಿಡಿದು ನಿಮ್ಮ ಚೀಲಕ್ಕ ಹಾಕಿದ್ರು. "ಸರಕಾರದವರ ಮುಂದ ನಮ್ಮ ಭೂಮಿ ಮರ್ಯಾದಿ ಹೋಗಬಾರದವ್ವಾ" ಅಂತಾರ. ಅವರ ಸ್ವಭಾವ ಅದು. ನೋಡಿ ಅಗಿಯೋದು ನಿಮ್ಮ ಕೆಲಸ ಆಗಿತ್ತಲ್ಲೇನ್ರಿ?

ಈ ಪತ್ರದ ಕೂಡ ಆ ಮೂಲಿ ಮಣ್ಣ ಡಬ್ಬಿಯಾಗ ಹಾಕಿ ಕಳಿಸೇನಿ. ಡಬ್ಬಿ ತಿರುಗಿ ಕಳಿಸೂದು ಬ್ಯಾಡ. ಇನ್ನ ಅದರಾಗ ನಾವು ಏನೂ ಇಡಂಗಿಲ್ಲ.

ಪ್ರತಿ ವರ್ಷ ಮಣ್ಣೆತ್ತಿನ ಅಮಾಸಿಗೆ ನಮ್ಮ ಹುಡುಗರು ಅದೇ ಮೂಲಿ ಮಣ್ಣ ತಂದು ಎತ್ತು ಮಾಡತಿದ್ರು. ಈ ಸಲ ನಾನ ಬ್ಯಾಡ ಅಂದೇನಿ. ನಿಮ್ಮ ಕಾಗದ ಖರೇ ಇದ್ರ, ಈ ಮಣ್ಣ ನಿಮ್ಮ ಮಕ್ಕಳ ಕೈಯಾಗ ಕೊಡ್ರಿ, ಎತ್ತು ಮಾಡ್ಲಿ. ಕೊಡಾಕ ಅಂಜಿಕಿ ಬಂದ್ರ, ಇದನ್ನ ಪರೀಕ್ಷೆ ಮಾಡ್ರಿ.

ಇಂತಿ,
ಕಸ್ತೂರೆವ್ವ