ನನ್ನ ನಾದಿನಿಯ ಹೆಸರಿನ ಮೇಲೆ ನಾನೇ ಎಳೆದ ಮೂರು ಗೆರೆ

ಮಾನ್ಯ ಜಂಟಿ ಸಮನ್ವಯಾಧಿಕಾರಿಗಳೇ,

ಮೂರು ಅಭಿವೃದ್ಧಿ ಸಂಸ್ಥೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ತಾವು ಹನ್ನೊಂದು ಜನರನ್ನು ಕಳೆದುಹಾಕಿದ್ದೀರಿ. ಅವರಲ್ಲಿ ಒಬ್ಬಳು ನನ್ನ ನಾದಿನಿ. ಮೂವತ್ತೊಂದು ದಿನದಿಂದ ಅವಳು ಮನೆಯ ಹೊಸ್ತಿಲು ದಾಟಿಲ್ಲ. ನಲವತ್ತು ದಿನ ಬಾರದವರ ಜಾಗ ಬೇರೆಯವರಿಗೆ ಎಂಬುದು ಅವಳು ಹೋಗುತ್ತಿದ್ದ ಅಂಗವಿಕಲರ ಹಗಲು ಕೇಂದ್ರದ ನಿಯಮ. ಇನ್ನು ಒಂಬತ್ತು ದಿನ ಹೀಗೇ ಹೋದರೆ ಅಲ್ಲಿ ಪುಸ್ತಕ ಕಟ್ಟುವ ಮೇಜಿನಲ್ಲಿ ಆರು ವರ್ಷದಿಂದ ಅವಳದಾಗಿದ್ದ ಜಾಗವೂ ಹೋಗುತ್ತದೆ. ತಮ್ಮ ಮೇಲೆ ದೂರು ಹೇಳಲೆಂದೇ ಊರೆಲ್ಲ ಓದುವಂತೆ ಈ ಪತ್ರ ಬರೆಯುತ್ತಿದ್ದೇನೆ. ಆದರೆ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಕೈ ತಮ್ಮದಲ್ಲ, ನನ್ನದು. ಅದನ್ನು ಮೊದಲು ಹೇಳದೆ ಮುಂದಿನ ಸಾಲು ಬರೆಯಲು ನನಗೆ ಮುಖವಿಲ್ಲ.

ತಾವು ಸಭೆ ನಡೆಸುವ ಸಮುದಾಯ ಭವನದ ಬೀಗ ತೆಗೆಯುವವಳು ನಾನು. ಗುಡಿಸುವುದು, ಒರೆಸುವುದು, ಕುರ್ಚಿ ಜೋಡಿಸುವುದು, ಚಹಾ ಕಾಸುವುದು, ತಾವೆಲ್ಲ ಎದ್ದು ಹೋದ ಮೇಲೆ ಬಿಸ್ಕತ್ತಿನ ಪುಡಿ ಬಳಿಯುವುದು ನನ್ನ ಕೆಲಸ. ವಯಸ್ಸು ಐವತ್ತು. ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ನಮ್ಮ ಮೇಷ್ಟ್ರು ಲೆಕ್ಕ ತಪ್ಪಿದರೆ ಸುಮ್ಮನಿರುತ್ತಿದ್ದರು, ಗೆರೆ ಸೊಟ್ಟಗಾದರೆ ಮಾತ್ರ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹಾಗಾಗಿ ನನ್ನ ಗೆರೆ ಚೆನ್ನ. ದೇವರನ್ನು ನಂಬಿದವಳು. ಕೈ ಮುಗಿಯದೆ ಬಾಯಿಗೆ ನೀರು ಹಾಕಿದ ಬೆಳಗು ನನಗೆ ನೆನಪಿಲ್ಲ.

ನಾದಿನಿ ಎಂದರೆ ನಮ್ಮ ಯಜಮಾನರ ತಂಗಿ. ನನಗಿಂತ ಎಂಟು ವರ್ಷ ಚಿಕ್ಕವಳು. ಎರಡೂ ಕಾಲಿನಲ್ಲಿ ಬಲವಿಲ್ಲ, ಬಾಯಿಯಲ್ಲಿ ಮಾತ್ರ ನಾಲ್ಕು ಜನರ ಬಲ. ವಾರಕ್ಕೆ ಮೂರು ದಿನ ಅವಳು ಕೇಂದ್ರಕ್ಕೆ ಹೋಗಿ ಶಾಲೆಯ ಮಕ್ಕಳ ನೋಟ್‌ಪುಸ್ತಕ ಹೊಲಿಯುತ್ತಿದ್ದಳು. ಅದಕ್ಕೆ ತಮ್ಮ ಮೂರೂ ಸಂಸ್ಥೆಗಳು ಬೇಕಿದ್ದವು. ಗಾಲಿಕುರ್ಚಿ ಹತ್ತಿಸಿಕೊಳ್ಳುವ ವ್ಯಾನು ಪಟ್ಟಣದ ಅಭಿವೃದ್ಧಿ ಸಂಸ್ಥೆಯದು. ಹಗಲು ಕೇಂದ್ರ ಅಂಗವಿಕಲರ ಸೇವಾ ಸಂಸ್ಥೆಯದು. ಅಲ್ಲಿ ಕಾಗದ, ದಾರ ಕೊಟ್ಟು ಕೆಲಸ ಹೇಳಿಕೊಡುವವರು ಮಹಿಳಾ ಅಭಿವೃದ್ಧಿ ಸಂಸ್ಥೆಯವರು. ಕೇಂದ್ರವಿರುವುದು ಹೆದ್ದಾರಿಯ ಆಚೆ. ಗಾಲಿಕುರ್ಚಿ ಕಂಡರೆ ಬಸ್ಸಿನವರು ನಿಲ್ಲಿಸುವುದಿಲ್ಲ. ಒಬ್ಬರು ಕರೆದೊಯ್ದು, ಒಬ್ಬರು ಕೂರಿಸಿ, ಒಬ್ಬರು ಕೆಲಸ ಕೊಡುತ್ತಿದ್ದರು. ಆರು ವರ್ಷ ಇದು ನಡೆಯಿತು. ಆಗ ಸಮನ್ವಯ ಎಂಬ ಪದ ನಮಗ್ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ತಾವು ಬಂದಿರಿ. ಮೂರು ಸಂಸ್ಥೆಗಳು ಬೇರೆ ಬೇರೆ ರಿಜಿಸ್ಟರ್ ಇಟ್ಟುಕೊಂಡಿವೆ, ಒಂದೇ ಹೆಸರು ಎರಡು ಕಡೆ, ಮೂರು ಕಡೆ ಬರುತ್ತಿದೆ, ಇದು ಪುನರಾವರ್ತನೆ, ಒಬ್ಬ ಫಲಾನುಭವಿಗೆ ಒಂದೇ ಸಂಸ್ಥೆ ಇರಬೇಕು ಎಂದಿರಿ. ಆ ಬುಧವಾರ ಮೂರು ರಿಜಿಸ್ಟರೂ ಭವನಕ್ಕೆ ಬಂದವು. ಗೋಡೆಯ ಮೇಲೆ ‘ಯಾರನ್ನೂ ಹೊರಗಿಡದ ಸಮಾಜ’ ಎಂಬ ಬ್ಯಾನರು. ಕಟ್ಟಿದವಳು ನಾನೇ. ಭವನದ ಬಾಗಿಲಿಗೆ ಮೂರು ಮೆಟ್ಟಿಲಿವೆ, ಆದ್ದರಿಂದ ನನ್ನ ನಾದಿನಿ ಆ ಬ್ಯಾನರನ್ನು ಇವತ್ತಿನವರೆಗೂ ನೋಡಿಲ್ಲ ಎಂಬುದು ಬೇರೆ ಮಾತು.

ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ತಾವು ತಲೆ ಎತ್ತಿ, “ಅಮ್ಮಾ, ನಿಮಗೆ ಇಲ್ಲಿನ ಮನೆ ಮನೆ ಗೊತ್ತಲ್ವಾ? ಬನ್ನಿ, ಕೂತ್ಕೊಳ್ಳಿ. ನಾವು ಹೇಳ್ತಾ ಹೋಗ್ತೀವಿ, ನೀವು ಗೆರೆ ಹೊಡೀತಾ ಹೋಗಿ” ಎಂದಿರಿ. ಹದಿನಾಲ್ಕು ವರ್ಷದಿಂದ ಆ ಕುರ್ಚಿಗಳನ್ನು ಒರೆಸಿದವಳು ನಾನು, ಒಂದು ದಿನವೂ ಕೂತಿರಲಿಲ್ಲ. ಕೂತೆ. ಸೆರಗಿಗೆ ಕೈ ಒರೆಸಿಕೊಂಡು ಕೆಂಪು ಪೆನ್ಸಿಲ್ಲು, ಸ್ಕೇಲು ತೆಗೆದುಕೊಂಡೆ. ಸುಳ್ಳು ಹೇಳಲಾರೆ, ಹಿಗ್ಗಿದೆ. ಆ ಹಿಗ್ಗು ನೆನೆದರೆ ಈಗ ಮೈ ಮುದುಡುತ್ತದೆ.

ಕೆಲಸ ನಡೆದ ರೀತಿ ಹೀಗೆ. ವ್ಯಾನಿನವರ ರಿಜಿಸ್ಟರ್ ಬಿಚ್ಚಿದಿರಿ. ನಾದಿನಿಯ ಹೆಸರು ಕೇಂದ್ರದವರಲ್ಲೂ ಇತ್ತು. “ಅವರು ನೋಡ್ಕೋತಾರೆ, ಹೊಡೀರಿ.” ಹೊಡೆದೆ. ಕೇಂದ್ರದವರ ರಿಜಿಸ್ಟರ್ ಬಂತು. ಹೆಸರು ಮಹಿಳಾ ಸಂಸ್ಥೆಯಲ್ಲೂ ಇತ್ತು. “ಅವರು ನೋಡ್ಕೋತಾರೆ, ಹೊಡೀರಿ.” ಹೊಡೆದೆ. ಮಹಿಳಾ ಸಂಸ್ಥೆಯವರ ಸರದಿ ಬಂದಾಗ ಅವರ ಮೇಡಂ ಕೈಯಲ್ಲಿದ್ದ, ವ್ಯಾನಿನವರ ಹಿಂದಿನ ತಿಂಗಳ ಅಚ್ಚಾದ ಪಟ್ಟಿ ನೋಡಿ, “ಇವರು ವ್ಯಾನಿನವರಲ್ಲಿ ಇದಾರಲ್ಲ” ಎಂದರು. ಹೌದು, ಆ ಹಳೆಯ ಹಾಳೆಯಲ್ಲಿ ಇದ್ದಳು. ಮುಕ್ಕಾಲು ಗಂಟೆಯ ಹಿಂದೆ ಅದೇ ಮೇಜಿನ ಮೇಲೆ ನಾನು ಹೊಡೆದ ಗೆರೆ ಆ ಹಾಳೆಗೆ ಹೇಗೆ ತಿಳಿಯಬೇಕು?

ನನಗೆ ತಿಳಿದಿತ್ತು. ನನ್ನ ಕೈ ನಿಂತಿತು. ತಾವು ಕೇಳಿದಿರಿ, “ಯಾಕಮ್ಮ, ನಿಂತ್ಬಿಟ್ರಿ? ಗೊತ್ತಿರೋರಾ?”

“ನಮ್ಮ ನಾದಿನಿ ಸಾರ್.”

“ಓಹೋ! ಹಾಗಾದ್ರೆ ಉಳಿಸ್ಕೊಳ್ಳೋಣ್ವಾ? ನಿಮ್ಮೋರು ಅಂತ?”

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಚಹಾ ಕುಡಿಯುವವರ ನಗೆ. ಆದರೆ ನನ್ನ ಕಿವಿ ಬಿಸಿಯಾಯಿತು. ಕುರ್ಚಿ ಕೊಟ್ಟ ಕೂಡಲೇ ಮನೆಯವರನ್ನು ತೂರಿಸಿದಳು ಅಂದುಕೊಂಡಾರು ಎಂದು ಹೆದರಿದೆ. ಬೆನ್ನು ನೆಟ್ಟಗೆ ಮಾಡಿಕೊಂಡು, “ಬೇಡ ಸಾರ್. ನಮ್ಮೋರಾದ್ರೇನು, ನ್ಯಾಯ ಅಂದ್ರೆ ನ್ಯಾಯಾನೇ” ಎಂದೆ. ಸ್ಕೇಲು ಇಟ್ಟು ಮೂರನೆಯ ಗೆರೆ ಎಳೆದೆ. ತಾವು “ಭೇಷ್” ಎಂದಿರಿ. ಅಷ್ಟು ಓದಿದ ತಲೆಗಳ ನಡುವೆ ನಿಜ ಗೊತ್ತಿದ್ದ ಒಬ್ಬಳೇ ಒಬ್ಬಳು ಬಾಯಿಗೆ ಬೀಗ ಹಾಕಿಕೊಂಡು ಭೇಷ್ ಎನ್ನಿಸಿಕೊಂಡಳು. ಆ ಸಂಜೆ ದೀಪ ಹಚ್ಚಿ ದೇವರ ಮುಂದೆ ಕೂತು, ನಮ್ಮವರು ಪರರು ಎನ್ನದ ಮನಸ್ಸು ಕೊಟ್ಟೆಯಲ್ಲಪ್ಪ ಎಂದು ಕೈ ಮುಗಿದೆ. ದೇವರಿಗೆ ಆ ಹೊತ್ತು ನನ್ನನ್ನು ನೋಡಿ ಎಷ್ಟು ಅಸಹ್ಯವಾಗಿರಬೇಕು.

ಸೋಮವಾರ ನಾದಿನಿ ತಲೆ ಬಾಚಿ, ಕಾಗದದ ಮಡಿಕೆ ಒತ್ತುವ ತನ್ನ ಮರದ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು, ಎಂಟು ಗಂಟೆಗೆ ಬಾಗಿಲಲ್ಲಿ ಕೂತಳು. ಒಂಬತ್ತಾಯಿತು, ಹತ್ತಾಯಿತು. “ಅತ್ತಿಗೆ, ವ್ಯಾನು ದಾರಿ ತಪ್ಪಿತೋ, ಡ್ರೈವರಣ್ಣ ಮದುವೆ ಮಾಡ್ಕೊಂಡು ಓಡಿಹೋದ್ನೋ?” ಎಂದಳು. “ಕೆಟ್ಟಿದೆಯಂತೆ ಕಣೆ, ರಿಪೇರಿಗೆ ಬಿಟ್ಟಿದಾರಂತೆ” ಎಂದೆ. ಬುಧವಾರವೂ ಅದೇ. ಶುಕ್ರವಾರವೂ ಅದೇ. ಮೂರು ವಾರ ಆ ವ್ಯಾನನ್ನು ನಾನು ರಿಪೇರಿಯಲ್ಲೇ ಇಟ್ಟೆ. ಒಂದು ದಿನ ಟೈರು, ಒಂದು ದಿನ ಬ್ರೇಕು. ಅವಳು ಪ್ರತಿ ಸಲವೂ ತಲೆ ಬಾಚಿಕೊಂಡು ಕೂತಳು.

ಈ ನಡುವೆ ಅವಳಿಗೆ ಗೊತ್ತಾಗದಂತೆ ನಾನು ಮೂರು ಕಚೇರಿಯ ಮೆಟ್ಟಿಲು ಹತ್ತಿದೆ. ವ್ಯಾನಿನವರು, “ನಮ್ಮ ಲಿಸ್ಟಲ್ಲಿಲ್ಲ, ಕೇಂದ್ರದಲ್ಲಿ ಕೇಳಿ” ಎಂದರು. ಕೇಂದ್ರದವರು, “ನಮ್ಮಲ್ಲಿ ಜಾಗ ಇದೆ, ಹೆಸರಿಲ್ಲ, ಮಹಿಳಾ ಸಂಸ್ಥೆಯಲ್ಲಿ ಕೇಳಿ” ಎಂದರು. ಮಹಿಳಾ ಸಂಸ್ಥೆಯ ಗುಮಾಸ್ತೆ ರಿಜಿಸ್ಟರನ್ನೇ ತೆಗೆದು ತೋರಿಸಿದಳು. “ಇಲ್ನೋಡಿ ಅಮ್ಮ, ಹೊಡೆದುಹಾಕಿದಾರೆ. ಎಷ್ಟು ನೀಟಾಗಿ ಹೊಡೆದಿದಾರೆ ನೋಡಿ! ಯಾರೋ ಏನೋ.” ನಾನು ಆ ಗೆರೆಯನ್ನು ನೋಡಿ, “ಯಾರೋ ಏನೋ” ಎಂದೆ. ಆಗಲೂ ನಿಜ ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ತಮ್ಮ ಕಚೇರಿಗೆ ಅರ್ಜಿ ಹಾಕಿದೆ. ತಮ್ಮ ಉತ್ತರ ನನ್ನ ಹತ್ತಿರ ಇದೆ. ಪಟ್ಟಿಯ ಮುಂದಿನ ಪರಿಷ್ಕರಣೆ ಆರು ತಿಂಗಳ ನಂತರವಂತೆ. ಆಗ ಹೊಸದಾಗಿ ಸೇರಲು, ಅರ್ಜಿದಾರರು ಬೇರೆ ಯಾವ ಸಂಸ್ಥೆಯ ಸೇವೆಯನ್ನೂ ಪಡೆಯುತ್ತಿಲ್ಲವೆಂದು ಮೂರೂ ಸಂಸ್ಥೆಗಳಿಂದ ಪತ್ರ ತರಬೇಕಂತೆ. ಕೇಳಲು ಹೋದರೆ ಮೂರೂ ಕಡೆ ಒಂದೇ ಮಾತು: “ನಮ್ಮ ಪಟ್ಟಿಯಲ್ಲೇ ಇಲ್ಲದೋರಿಗೆ ನಾವು ಪತ್ರ ಹೇಗೆ ಕೊಡೋಣ?” ಸ್ವಾಮಿ, ಸಮನ್ವಯ ಎಂದರೆ ಇದೇ ಅಲ್ಲವೇ? ಆರು ವರ್ಷ ಮೂರು ಬಗೆಯಲ್ಲಿ ಮಾತಾಡುತ್ತಿದ್ದವರು ಈಗ ಒಂದೇ ಬಾಯಲ್ಲಿ ಇಲ್ಲ ಎನ್ನುತ್ತಾರೆ. ಈ ಸಾಧನೆಯನ್ನು ಯಾರು ಅಲ್ಲಗಳೆದಾರು?

ಅವತ್ತು ಮನೆಗೆ ಬಂದು ನಾದಿನಿಯ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಕುರ್ಚಿ, ಪೆನ್ಸಿಲ್ಲು, ನ್ಯಾಯ, ಭೇಷ್, ರಿಪೇರಿಯ ಸುಳ್ಳು, ಒಂದೂ ಬಿಡಲಿಲ್ಲ.

“ಸ್ಕೇಲಿಟ್ಟು ಹೊಡೆದ್ರಾ, ಬರಿಗೈಲಾ?” ಎಂದು ಕೇಳಿದಳು.

“ಸ್ಕೇಲಿಟ್ಟು.”

“ಹಾಗಾದ್ರೆ ನೆಟ್ಟಗಿರುತ್ತೆ ಬಿಡಿ.”

ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಮೂರು ದಿನ ನನ್ನ ಕೈಯಿಂದ ನೀರೂ ತೆಗೆದುಕೊಳ್ಳಲಿಲ್ಲ. ಅಣ್ಣ ಕೊಟ್ಟರೆ ಕುಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ತಾನೇ ಕರೆದಳು. “ಅತ್ತಿಗೆ, ನನ್ನೊಬ್ಳನ್ನೇ ಹೊಡೆದ್ರಾ, ಇನ್ನೂ ಯಾರಾದ್ರೂ ಇದಾರಾ?”

ನಾನು ಆ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ನನ್ನ ನಾಚಿಕೆಯಲ್ಲೂ ನನ್ನ ಮನೆಯದಷ್ಟೇ ನನಗೆ ಕಂಡಿತ್ತು. ಮೂರೂ ರಿಜಿಸ್ಟರು ತಿಂಗಳ ಸಹಿಗೆಂದು ಭವನಕ್ಕೆ ಬಂದ ದಿನ (ಬೇಕಾದರೆ ಇದನ್ನೂ ನನ್ನ ತಪ್ಪಿಗೆ ಸೇರಿಸಿಕೊಳ್ಳಿ) ಪುಟ ತಿರುವಿ ಎಣಿಸಿದೆ. ಹನ್ನೊಂದು ಜನ. ಗಡಿಯಾರ ರಿಪೇರಿಯವರ ಕಣ್ಣು ಮಂಜಾದ ಹೆಂಡತಿ. ಮಾತು ಬಾರದ ಮಗಳನ್ನು ಕರೆದುಕೊಂಡು ಬರುತ್ತಿದ್ದ ಇಸ್ತ್ರಿ ಅಂಗಡಿಯ ಅಕ್ಕ. ಹೀಗೆ ಹನ್ನೊಂದು. ಎಲ್ಲರೂ ಮೂರು ರಿಜಿಸ್ಟರಿನಲ್ಲೂ ಇದ್ದವರು. ಒಂದೇ ಸೇವೆ ಬೇಕಿದ್ದವರ ಹೆಸರಿಗೆ ಪೆನ್ಸಿಲ್ಲು ಸೋಕಿಲ್ಲ. ಯಾರಿಗೆ ಎಲ್ಲ ಕಡೆಯ ಆಸರೆ ಬೇಕಿತ್ತೋ ಅವರೇ ಎಲ್ಲ ಕಡೆಯಿಂದ ಹೋದರು. ಇದು ಕಣ್ತಪ್ಪು ಎನ್ನುತ್ತೀರಾ? ಹಾಗಿದ್ದರೆ, ಹೊಡೆದದ್ದನ್ನು ಮತ್ತೊಮ್ಮೆ ನೋಡಲು ಒಬ್ಬರಿಗೂ ಯಾಕೆ ತೋಚಲಿಲ್ಲ? ವ್ಯಾನು ಸೋಮವಾರ ಖಾಲಿ ಸೀಟಿನೊಂದಿಗೆ ಹೊರಟಾಗ ಒಬ್ಬರೂ ಯಾಕೆ ಕೇಳಲಿಲ್ಲ? ತಮ್ಮ ವರದಿಯಲ್ಲಿ ‘ಪುನರಾವರ್ತನೆ: ಶೂನ್ಯ’ ಎಂದು ಬರೆದಿದ್ದೀರಂತೆ. ನಿಜ. ಈ ಹನ್ನೊಂದು ಜನ ಈಗ ಎಲ್ಲೂ ಎರಡು ಸಲ ಬರುವುದಿಲ್ಲ.

ತಾವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಚಹಾ ಕೊಟ್ಟಾಗಲೆಲ್ಲ ಥ್ಯಾಂಕ್ಸ್ ಹೇಳುವವರು ತಾವೊಬ್ಬರೇ. ಆದರೆ ತಾವು ಅವತ್ತು ನನಗೆ ಕುರ್ಚಿ ಕೊಟ್ಟಿರಿ, ಮಾತು ಕೇಳಲಿಲ್ಲ. ನಾನು ಕುರ್ಚಿ ತೆಗೆದುಕೊಂಡೆ, ಮಾತು ಕೊಡಲಿಲ್ಲ. ನನ್ನ ಪಾಲಿನ ತಪ್ಪನ್ನು ದೇವರಿಗೂ ನಾದಿನಿಗೂ ಹೇಳಿದ್ದೇನೆ, ಈಗ ಊರಿಗೂ ಹೇಳಿದೆ. ತಮ್ಮ ಪಾಲಿನದನ್ನು ತಾವು ಯಾರಿಗೆ ಹೇಳುತ್ತೀರಿ?

ನಾನು ಕೇಳುವುದು ಇಷ್ಟು. ಬರುವ ಬುಧವಾರಕ್ಕೆ ಇನ್ನೂ ಆರು ದಿನವಿದೆ. ನಲವತ್ತು ತುಂಬುವುದರೊಳಗೆ ಬರುತ್ತದೆ. ಅಂದು ಮೂರು ಸಂಸ್ಥೆಯವರೂ ರಿಜಿಸ್ಟರ್ ಹಿಡಿದು ಬರಲಿ. ಆ ಹನ್ನೊಂದು ಜನರೂ ಸಭೆಯಲ್ಲಿರಲಿ. ಒಬ್ಬೊಬ್ಬರ ಹೆಸರನ್ನೂ ಅವರ ಮುಖ ನೋಡಿ ಗಟ್ಟಿಯಾಗಿ ಓದಿ, ಇವರಿಗೆ ಇದು ನಾವು ಕೊಡುತ್ತೇವೆ ಎಂದು ಪ್ರತಿ ಸಂಸ್ಥೆಯೂ ಬಾಯಿಬಿಟ್ಟು ಹೇಳಲಿ. ಕೊಡುವುದಿಲ್ಲವೆನ್ನುವವರು ಅದನ್ನೂ ಅವರ ಮುಖ ನೋಡಿಯೇ ಹೇಳಲಿ. ಸಭೆ ಒಳಗೆ ಬೇಡ, ಮೆಟ್ಟಿಲಿವೆ; ಕುರ್ಚಿಗಳನ್ನು ನಾನೇ ಅಂಗಳಕ್ಕೆ ಇಳಿಸುತ್ತೇನೆ. ಅವರನ್ನು ಕರೆತರಲು ವ್ಯಾನು ಕಳಿಸಿ. ಅದು ಕೆಟ್ಟಿಲ್ಲ, ನನಗೆ ಗೊತ್ತು.

ಗೆರೆ ಎಳೆದದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆಯಬೇಕೆಂದರೆ ತೆಗೆಯಿರಿ, ಆದರೆ ಬುಧವಾರದ ನಂತರ ತೆಗೆಯಿರಿ. ಬೀಗದ ಕೈ ನನ್ನ ಹತ್ತಿರ ಇದೆ.

ಈ ಪತ್ರವನ್ನು ನಾದಿನಿಗೆ ಪೂರ್ತಿ ಓದಿ ಹೇಳಿದೆ. ಅವಳ ಬಾಯಿಯ ವಿಷಯ ಬರೆದ ಕಡೆ ಮಾತ್ರ ತಕರಾರು ತೆಗೆದಳು. ಆಮೇಲೆ, “ಅತ್ತಿಗೆ, ಬುಧವಾರ ಪೆನ್ಸಿಲ್ಲು ನನ್ನ ಕೈಗೆ ಕೊಡ್ಬೇಕು ಅಂತ ಬರೀರಿ. ರಬ್ಬರೂ ತರ್ತೀನಿ ಅಂತ ಬರೀರಿ” ಎಂದಳು. ಬರೆದಿದ್ದೇನೆ.

ಇಂತಿ,
ಅವತ್ತು ಭೇಷ್ ಎನ್ನಿಸಿಕೊಂಡು ಇವತ್ತಿಗೂ ತಲೆ ಎತ್ತಲಾಗದ,
ತಮ್ಮ ಸಭೆಯ ಚಹಾದವಳು